ಪ್ರಶ್ನೆ ಕೇಳಬಾರದ ಪಾಠ: ಡೋವರ್ ಮೊಕದ್ದಮೆಯ ಕಥೆ

(ಹೈಸ್ಕೂಲು ವಿಜ್ಞಾನ ಶಿಕ್ಷಕರ ಒಂದು ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉತ್ತರದೊಂದಿಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಪೀಠಿಕೆ ಬೇಡ, ನೇರ ವಿಷಯಕ್ಕೇ ಬರುತ್ತೇನೆ.

2005ರ ಜನವರಿ ತಿಂಗಳು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯ, ಯಾರ್ಕ್ ಕೌಂಟಿಯ ಡೋವರ್ ಎಂಬ ಸಣ್ಣ ಊರು. ಅಲ್ಲಿನ ಸರ್ಕಾರಿ ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿಯ ಜೀವಶಾಸ್ತ್ರದ ಪೀರಿಯಡ್. ಪಾಠ ಮಾಡಬೇಕಾದ ಮೇಷ್ಟ್ರ ಜಾಗದಲ್ಲಿ ಆಡಳಿತ ಕಚೇರಿಯ ಅಧಿಕಾರಿ ನಿಂತು ಕೈಲಿದ್ದ ಹಾಳೆಯನ್ನು ಓದುತ್ತಾರೆ. ನಾಲ್ಕೇ ನಾಲ್ಕು ಪ್ಯಾರಾ. ಅದರ ಸಾರ ಇಷ್ಟು: ಡಾರ್ವಿನ್ನನ ಸಿದ್ಧಾಂತವನ್ನು ಓದಿ ಪರೀಕ್ಷೆ ಬರೆಯಬೇಕೆಂದು ರಾಜ್ಯದ ನಿಯಮ ಇದೆ. ಆದರೆ ಅದು ಸಿದ್ಧಾಂತವೇ ಹೊರತು ವಾಸ್ತವವಲ್ಲ, ಅದರಲ್ಲಿ ಸಾಕ್ಷ್ಯವಿಲ್ಲದ ಕಂದಕಗಳಿವೆ. ಜೀವದ ಮೂಲಕ್ಕೆ ಇಂಟೆಲಿಜೆಂಟ್ ಡಿಸೈನ್, ಅಂದರೆ ಯಾರೋ ಬುದ್ಧಿವಂತ ವಿನ್ಯಾಸಕಾರ ಜೀವಿಗಳನ್ನು ರೂಪಿಸಿದ ಎನ್ನುವ ಬೇರೊಂದು ವಿವರಣೆಯೂ ಉಂಟು, ಆಸಕ್ತಿ ಇದ್ದವರು ‘ಆಫ್ ಪಾಂಡಾಸ್ ಅಂಡ್ ಪೀಪಲ್’ ಎಂಬ ಪುಸ್ತಕ ನೋಡಬಹುದು. ಯಾವ ಸಿದ್ಧಾಂತವನ್ನೇ ಆಗಲಿ ಮುಕ್ತ ಮನಸ್ಸಿನಿಂದ ನೋಡಿ.

ಇದರ ಜೊತೆಗೆ ಮಕ್ಕಳಿಗೆ ಇನ್ನೂ ಒಂದು ಮಾತು ತಿಳಿಸಲಾಯಿತು. ಈ ಬಗ್ಗೆ ತರಗತಿಯಲ್ಲಿ ಬೇರೆ ಚರ್ಚೆ ಇರುವುದಿಲ್ಲ, ನಿಮ್ಮ ಶಿಕ್ಷಕರು ಪ್ರಶ್ನೆಗಳಿಗೆ ಉತ್ತರಿಸುವುದಿಲ್ಲ.

ಮುಕ್ತವಾಗಿ ಯೋಚಿಸಿ, ಆದರೆ ಕೈ ಎತ್ತಬೇಡಿ ಅಂತ. ಇಡೀ ಡೋವರ್ ಪ್ರಕರಣ ನನಗೆ ಅರ್ಥವಾದದ್ದೇ ಈ ಒಂದು ಮಾತಿನಿಂದ. ಡಾರ್ವಿನ್ ಸರಿಯೋ ತಪ್ಪೋ, ದೇವರು ಇದ್ದಾನೋ ಇಲ್ಲವೋ, ಅದೆಲ್ಲ ಒಂದು ಕಡೆ ಇರಲಿ. ತೆರಿಗೆ ದುಡ್ಡಿನಲ್ಲಿ ನಡೆಯುವ ಶಾಲೆಯಲ್ಲಿ, ವಿಜ್ಞಾನದ ಪೀರಿಯಡ್ಡಿನಲ್ಲಿ, ಹದಿನಾಲ್ಕು ವರ್ಷದ ಮಕ್ಕಳಿಗೆ ಒಂದು ಸಂಗತಿ ಹೇಳಿ, ಅದನ್ನು ಮಾತ್ರ ಪ್ರಶ್ನಿಸುವ ಹಾಗಿಲ್ಲ ಅಂದರೆ ಅದು ಪಾಠ ಆಗುತ್ತದೆಯೇ? ನನ್ನ ಪ್ರಕಾರ ಅದು ಪ್ರಕಟಣೆ. ಪ್ರಕಟಣೆ ಓದುವುದಕ್ಕೆ ಮೇಷ್ಟ್ರು ಬೇಕಿಲ್ಲ, ಧ್ವನಿವರ್ಧಕ ಸಾಕು.

ಇದು ಅಲ್ಲಿಗೆ ಹೇಗೆ ಬಂತು ನೋಡೋಣ. ಅಮೆರಿಕದಲ್ಲಿ ಹೆಚ್ಚಿನ ಶಾಲಾ ಜಿಲ್ಲೆಗಳಿಗೆ ಜನ ಓಟು ಹಾಕಿ ಆರಿಸಿದ ಒಂದು ಮಂಡಳಿ ಇರುತ್ತದೆ, ಡೋವರಿನಲ್ಲೂ ಇತ್ತು. ನಮ್ಮ ಎಸ್‌ಡಿಎಂಸಿಯನ್ನು, ಅಂದರೆ ಶಾಲಾಭಿವೃದ್ಧಿ ಸಮಿತಿಯನ್ನು, ನೆನೆಸಿಕೊಂಡರೆ ಅಂದಾಜು ತಪ್ಪುತ್ತದೆ. ಆ ಮಂಡಳಿ ಸ್ಥಳೀಯವಾಗಿ ತೆರಿಗೆ ಹಾಕುತ್ತದೆ, ಮೇಷ್ಟ್ರುಗಳನ್ನು ನೇಮಿಸಿಕೊಳ್ಳುತ್ತದೆ, ಯಾವ ಪುಸ್ತಕ ಕೊಳ್ಳಬೇಕೆಂದು ತೀರ್ಮಾನ ಮಾಡುತ್ತದೆ. ಡೋವರ್ ಮಂಡಳಿಯ ಅಲನ್ ಬಾನ್ಸೆಲ್ ಮತ್ತು ಪಠ್ಯಕ್ರಮ ಸಮಿತಿಯ ಬಿಲ್ ಬಕಿಂಗ್‌ಹ್ಯಾಮ್ ಇಬ್ಬರಿಗೂ ಜೀವವಿಕಾಸದ ಪಾಠ ಕಂಡರೆ ಆಗುತ್ತಿರಲಿಲ್ಲ. ಮೇಷ್ಟ್ರುಗಳು ಕೇಳಿದ್ದ ಹೊಸ ಜೀವಶಾಸ್ತ್ರ ಪುಸ್ತಕದ ತುಂಬ ಡಾರ್ವಿನ್‌ವಾದವೇ ತುಂಬಿದೆ ಎಂದು ಬಕಿಂಗ್‌ಹ್ಯಾಮ್ ಸಭೆಯಲ್ಲೇ ತಕರಾರು ತೆಗೆದರು. ಪಾಂಡಾಸ್ ಪುಸ್ತಕವನ್ನೂ ಕೊಳ್ಳದಿದ್ದರೆ ಆ ಪುಸ್ತಕಕ್ಕೆ ಓಟು ಹಾಕುವುದಿಲ್ಲ ಅಂತ ಪಟ್ಟು ಹಿಡಿದರು. ಕೊನೆಗೆ 2004ರ ಅಕ್ಟೋಬರ್ 18ರಂದು ಆರು ಓಟಿಗೆ ಮೂರು ಓಟಿನಿಂದ ನಿರ್ಣಯ ಪಾಸಾಯಿತು: ಡಾರ್ವಿನ್ ಸಿದ್ಧಾಂತದ ಲೋಪಗಳನ್ನೂ, ಇಂಟೆಲಿಜೆಂಟ್ ಡಿಸೈನ್ ಸೇರಿದಂತೆ ಬೇರೆ ಸಿದ್ಧಾಂತಗಳನ್ನೂ ಮಕ್ಕಳ ಗಮನಕ್ಕೆ ತರತಕ್ಕದ್ದು. ವಿರೋಧಿಸಿದ ಮೂವರಲ್ಲಿ ಒಬ್ಬ ದಂಪತಿ ಇದ್ದರು, ಕೇಸಿ ಬ್ರೌನ್ ಮತ್ತು ಜೆಫ್ ಬ್ರೌನ್. ಅವರಿಬ್ಬರೂ ಆ ರಾತ್ರಿಯೇ ರಾಜೀನಾಮೆ ಕೊಟ್ಟು ಎದ್ದು ಹೋದರು.

ಓಟು ಹಾಕಿದವರ ಬಗ್ಗೆ ಒಂದು ಮಾತು. ಇಂಟೆಲಿಜೆಂಟ್ ಡಿಸೈನ್ ಅಂದರೇನು ಅಂತ ನ್ಯಾಯಾಲಯದಲ್ಲಿ ಕೇಳಿದಾಗ ಅವರಲ್ಲಿ ಹೆಚ್ಚಿನವರಿಗೆ ಸರಿಯಾಗಿ ಹೇಳಲು ಬರಲಿಲ್ಲ. ಪಕ್ಕದವರು ಒಳ್ಳೆಯದು ಅಂದರು, ಕೈ ಎತ್ತಿದೆವು, ಅಷ್ಟೆ. ತಮ್ಮದೇ ಶಾಲೆಯ ವಿಜ್ಞಾನ ಶಿಕ್ಷಕರು ಬೇಡ ಬೇಡ ಅಂದರೂ ಕೇಳಲಿಲ್ಲ. ಕಾನೂನಿನ ತೊಂದರೆ ಬಂದೀತು ಅಂತ ಮಂಡಳಿಯ ವಕೀಲರೇ ಎಚ್ಚರಿಸಿದ್ದರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಈಗ ಮೇಷ್ಟ್ರುಗಳ ವಿಷಯ. ನೀವು ಇಷ್ಟು ಜನ ಶಿಕ್ಷಕರು ಕೂತಿರುವಾಗ ಇದನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು.

ನಿರ್ಣಯಕ್ಕೆ ಒಂದು ವರ್ಷ ಮೊದಲೇ ಬಾನ್ಸೆಲ್ ಜೀವಶಾಸ್ತ್ರದ ಶಿಕ್ಷಕರನ್ನು ಕೂರಿಸಿಕೊಂಡು ಮಾತಾಡಿದ್ದರು. ಜೆನ್ ಮಿಲ್ಲರ್ ಎಂಬ ಶಿಕ್ಷಕಿ ಮಕ್ಕಳಿಂದ ಜೀವವಿಕಾಸದ ಕಾಲರೇಖೆಯನ್ನು ಮಾಡಿಸುತ್ತಿದ್ದರು. ಯಾವ ಜೀವಿ ಯಾವಾಗ ಬಂತು ಅಂತ ಕಾರಿಡಾರಿನ ಉದ್ದಕ್ಕೂ ಗುರುತು ಹಾಕುವ ಚಟುವಟಿಕೆ ಅದು. ಆ ಮಾತುಕತೆ ಆದ ಮೇಲೆ ಅವರು ಅದನ್ನು ನಿಲ್ಲಿಸಿಬಿಟ್ಟರು. ನಿಲ್ಲಿಸಿ ಅಂತ ಯಾರೂ ಆದೇಶ ಕೊಟ್ಟಿರಲಿಲ್ಲ. ಆದೇಶ ಬೇಕಾಗಲೂ ಇಲ್ಲ! ಮೇಲಿನವರು ಮುಖ ಗಂಟು ಹಾಕಿಕೊಂಡರೆ ಸಾಕು, ಮೇಷ್ಟ್ರು ತಾನಾಗಿಯೇ ಆ ಪುಟವನ್ನು ಬೇಗ ತಿರುವಿಹಾಕುತ್ತಾರೆ. ಇದು ಡೋವರಿನಲ್ಲಿ ಮಾತ್ರ ಆಗುವುದಲ್ಲ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಆದರೆ ಹಾಳೆ ಓದಿ ಅಂದಾಗ ಮಾತ್ರ ವಿಜ್ಞಾನ ಶಿಕ್ಷಕರು ಬಗ್ಗಲಿಲ್ಲ. ‘ಇಂಟೆಲಿಜೆಂಟ್ ಡಿಸೈನ್ ವಿಜ್ಞಾನವಲ್ಲ, ಜೀವಶಾಸ್ತ್ರವಲ್ಲ, ಒಪ್ಪಿತ ವೈಜ್ಞಾನಿಕ ಸಿದ್ಧಾಂತವೂ ಅಲ್ಲ’ ಎಂದು ದಪ್ಪಕ್ಷರದಲ್ಲಿ ಬರೆದು ಕೊಟ್ಟರು. ಗೊತ್ತಿದ್ದೂ ಮಕ್ಕಳಿಗೆ ವಿಷಯವನ್ನು ತಿರುಚಿ ಹೇಳಬಾರದು ಅಂತ ರಾಜ್ಯದ ಶಿಕ್ಷಕರ ನೀತಿಸಂಹಿತೆಯಲ್ಲೇ ಇದೆ, ಹಾಗಾಗಿ ನಾವು ಓದುವುದಿಲ್ಲ ಅಂದರು. ಘೋಷಣೆ ಇಲ್ಲ, ಧರಣಿ ಇಲ್ಲ, ನಿಯಮದ ಪುಸ್ತಕ ತೆಗೆದು ತೋರಿಸಿದರು, ಅಷ್ಟೆ. ಅದಕ್ಕೇ ಕಚೇರಿಯ ಅಧಿಕಾರಿ ತಾವೇ ಬಂದು ಓದಬೇಕಾಯಿತು. ಕೇಳಿಸಿಕೊಳ್ಳಲು ಇಷ್ಟವಿಲ್ಲದ ಮಕ್ಕಳಿಗೆ ಹೊರಗೆ ಹೋಗಲು ಅವಕಾಶ ಇತ್ತು.

ಅಷ್ಟರಲ್ಲಿ 2004ರ ಡಿಸೆಂಬರ್ 14ರಂದೇ ಹನ್ನೊಂದು ಜನ ಪೋಷಕರು ಫೆಡರಲ್ ನ್ಯಾಯಾಲಯಕ್ಕೆ ಹೋಗಿದ್ದರು. ಮೊದಲ ಹೆಸರು ಟ್ಯಾಮಿ ಕಿಟ್ಸ್‌ಮಿಲ್ಲರ್ ಅವರದಾದ್ದರಿಂದ ಮೊಕದ್ದಮೆಗೆ ‘ಕಿಟ್ಸ್‌ಮಿಲ್ಲರ್ ವಿರುದ್ಧ ಡೋವರ್’ ಎಂದೇ ಹೆಸರಾಯಿತು. ವಾದ ಸರಳ: ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿಯ ಪ್ರಕಾರ ಸರ್ಕಾರ ಯಾವ ಧರ್ಮದ ಬೆನ್ನಿಗೂ ನಿಲ್ಲುವ ಹಾಗಿಲ್ಲ. ಇಂಟೆಲಿಜೆಂಟ್ ಡಿಸೈನ್ ಎಂಬುದು ವೇಷ ಹಾಕಿದ ಧರ್ಮಬೋಧೆ. ಮಂಡಳಿಯವರ ಉತ್ತರವೂ ಸರಳ: ನಾವು ದೇವರ ಹೆಸರನ್ನೇ ಎತ್ತಿಲ್ಲವಲ್ಲ!

ಹೆಸರು ಎತ್ತದಿರುವುದಕ್ಕೂ ಒಂದು ಇತಿಹಾಸವಿದೆ, ಬೇಗ ಹೇಳಿ ಮುಗಿಸುತ್ತೇನೆ. 1925ರಲ್ಲಿ ಟೆನೆಸಿಯ ಡೇಟನ್ ಊರಿನಲ್ಲಿ ಜಾನ್ ಸ್ಕೋಪ್ಸ್ ಎಂಬ ಮೇಷ್ಟ್ರಿಗೆ ವಿಕಾಸವಾದ ಕಲಿಸಿದ್ದಕ್ಕೆ ನೂರು ಡಾಲರ್ ದಂಡ ಬಿತ್ತು. 1968ರಲ್ಲಿ ಸುಪ್ರೀಂ ಕೋರ್ಟು ಅಂಥ ನಿಷೇಧಗಳೇ ಸಂವಿಧಾನಬಾಹಿರ ಅಂದಿತು. ವಿಕಾಸವಾದವನ್ನು ಹೊರಗಿಡಲು ಆಗದಿದ್ದಾಗ, ಜೊತೆಗೆ ‘ಸೃಷ್ಟಿ ವಿಜ್ಞಾನ’ವನ್ನೂ, ಅಂದರೆ ದೇವರು ಸೃಷ್ಟಿಸಿದ ಎಂಬ ನಂಬಿಕೆಗೆ ವಿಜ್ಞಾನದ ಹೆಸರು ಕೊಟ್ಟದ್ದನ್ನೂ, ಸರಿಸಮ ಕಲಿಸಿ ಎಂಬ ಕಾನೂನುಗಳು ಬಂದವು. 1987ರ ಜೂನ್‌ನಲ್ಲಿ ಲೂಯಿಸಿಯಾನದ ಮೊಕದ್ದಮೆಯಲ್ಲಿ ಏಳು ನ್ಯಾಯಮೂರ್ತಿಗಳು ಇಬ್ಬರ ಭಿನ್ನಮತದ ನಡುವೆ ಅದನ್ನೂ ಹೊಡೆದುಹಾಕಿದರು. ಅದಾದ ಮೇಲೆಯೇ ಸೃಷ್ಟಿಕರ್ತನ ಜಾಗಕ್ಕೆ ಹೆಸರಿಲ್ಲದ ಒಬ್ಬ ‘ವಿನ್ಯಾಸಕಾರ’ ಬಂದು ಕೂತದ್ದು.

ಇದು ನನ್ನ ಊಹೆ ಅಂದುಕೊಳ್ಳಬೇಡಿ, ನ್ಯಾಯಾಲಯದಲ್ಲಿ ಕಾಗದ ಸಮೇತ ಹೊರಬಿತ್ತು. ಬಾರ್ಬರಾ ಫಾರೆಸ್ಟ್ ಎಂಬ ತತ್ವಶಾಸ್ತ್ರದ ಪ್ರಾಧ್ಯಾಪಕಿ ಪೋಷಕರ ಪರ ಸಾಕ್ಷಿ. ಪಾಂಡಾಸ್ ಪುಸ್ತಕ ಅಚ್ಚಾದದ್ದು 1989ರಲ್ಲಿ. ಅದಕ್ಕೂ ಮುಂಚಿನ ಹಸ್ತಪ್ರತಿಗಳನ್ನು ಪ್ರಕಾಶಕರಿಂದ ಕೋರ್ಟಿನ ಮೂಲಕ ತರಿಸಿಕೊಂಡು ಅವರು ಸಾಲು ಸಾಲಾಗಿ ಹೋಲಿಸಿದರು. 1987ರ ತೀರ್ಪಿಗೆ ಮುಂಚಿನ ಪ್ರತಿಗಳಲ್ಲಿ ‘ಕ್ರಿಯೇಷನ್’ ಅಂತ ಇದ್ದ ಕಡೆ, ತೀರ್ಪಿನ ನಂತರದ ಪ್ರತಿಯಲ್ಲಿ ‘ಇಂಟೆಲಿಜೆಂಟ್ ಡಿಸೈನ್’ ಅಂತ ಆಗಿದೆ. ವಾಕ್ಯ ಅದೇ, ವ್ಯಾಖ್ಯೆ ಅದೇ, ಪದ ಮಾತ್ರ ಬೇರೆ. ಹೀಗೆ ಸುಮಾರು 150 ಕಡೆ. ಒಂದು ಕಡೆಯಲ್ಲಂತೂ ‘ಕ್ರಿಯೇಷನಿಸ್ಟ್ಸ್’ ಅಳಿಸಿ ‘ಡಿಸೈನ್ ಪ್ರೊಪೊನೆಂಟ್ಸ್’ ಅಂತ ಬರೆಯುವ ಅವಸರದಲ್ಲಿ ಪೂರ್ತಿ ಅಳಿಸದೆ, ಹಳೆಯ ಪದದ ತಲೆಯಲ್ಲಿದ್ದ ‘ಸಿ’ ಹೊಸ ಪದದ ಆರಂಭದಲ್ಲೂ, ಬಾಲದಲ್ಲಿದ್ದ ‘ಇಸ್ಟ್ಸ್’ ಕೊನೆಯಲ್ಲೂ ಉಳಿದುಹೋಗಿ ‘ಸಿಡಿಸೈನ್ ಪ್ರೊಪೊನೆಂಟ್ಸಿಸ್ಟ್ಸ್’ ಎಂಬ ವಿಚಿತ್ರ ಪ್ರಾಣಿ ಹುಟ್ಟಿಕೊಂಡಿತ್ತು. ಜೀವವಿಕಾಸದಲ್ಲಿ ನಡುವಿನ ಕೊಂಡಿ ಎಲ್ಲಿ, ತೋರಿಸಿ ಅಂತ ಕೇಳುತ್ತಿದ್ದವರ ಪುಸ್ತಕದಲ್ಲೇ ನಡುವಿನ ಕೊಂಡಿ ಸಿಕ್ಕಿತು.

ವಿಜ್ಞಾನ ವಿಭಾಗದ ಮುಖ್ಯಸ್ಥೆ ಬರ್ಥಾ ಸ್ಪಾರ್ ಹೇಳಿದ ಸಾಕ್ಷ್ಯವೂ ಅಷ್ಟೇ ಸೊಗಸು. ಶಾಲೆಗೆ ಪಾಂಡಾಸ್ ಪುಸ್ತಕಗಳ ಪೆಟ್ಟಿಗೆ ಬಂತು. ಬಿಚ್ಚಿದರೆ ಒಳಗೊಂದು ಕ್ಯಾಟಲಾಗು. ಅದರಲ್ಲಿ ಈ ಪುಸ್ತಕವನ್ನು ಯಾವ ತಲೆಬರಹದ ಕೆಳಗೆ ಹಾಕಿದ್ದರು ಗೊತ್ತೇ? ಸೃಷ್ಟಿ ವಿಜ್ಞಾನ.

ಸರಿ, ಹೆಸರು ಬದಲಾಯಿಸಿದ್ದಾರೆ ಅಂತಲೇ ಇಟ್ಟುಕೊಳ್ಳೋಣ. ಒಳಗಿನ ವಾದದಲ್ಲಿ ಹುರುಳಿದ್ದರೆ? ಈ ಪ್ರಶ್ನೆಯನ್ನು ತಳ್ಳಿಹಾಕಬಾರದು, ನ್ಯಾಯಾಧೀಶ ಜಾನ್ ಜೋನ್ಸ್ ಕೂಡ ತಳ್ಳಿಹಾಕಲಿಲ್ಲ. 2005ರ ಸೆಪ್ಟೆಂಬರ್ 26ರಿಂದ ನವೆಂಬರ್ 4ರವರೆಗೆ ಹ್ಯಾರಿಸ್‌ಬರ್ಗ್‌ನಲ್ಲಿ ವಿಚಾರಣೆ ನಡೆಯಿತು. ಜ್ಯೂರಿ ಇರಲಿಲ್ಲ. ಜೀವರಸಾಯನಶಾಸ್ತ್ರಜ್ಞ ಮೈಕೆಲ್ ಬೀಹಿ ಮಂಡಳಿಯ ಪರ ಪ್ರಮುಖ ತಜ್ಞ. ಅವರ ವಾದ ಹೀಗೆ: ಕೆಲವು ವ್ಯವಸ್ಥೆಗಳಲ್ಲಿ ಒಂದು ಭಾಗ ತೆಗೆದರೂ ಇಡೀ ವ್ಯವಸ್ಥೆ ಕೆಲಸ ನಿಲ್ಲಿಸುತ್ತದೆ. ಇಲಿಬೋನಿನ ಸ್ಪ್ರಿಂಗ್ ತೆಗೆದರೆ ಅರ್ಧ ಇಲಿ ಸಿಕ್ಕೀತೇ? ಬ್ಯಾಕ್ಟೀರಿಯಾದ ಈಜುಬಾಲವೂ ಹಾಗೇ, ನಮ್ಮ ರೋಗನಿರೋಧಕ ವ್ಯವಸ್ಥೆಯೂ ಹಾಗೇ. ಇಂಥವು ಹಂತ ಹಂತವಾಗಿ ಬರಲು ಸಾಧ್ಯವಿಲ್ಲ, ಆದ್ದರಿಂದ ಯಾರೋ ವಿನ್ಯಾಸ ಮಾಡಿರಬೇಕು.

ಕೇಳುವುದಕ್ಕೆ ಚೆನ್ನಾಗಿದೆ. ಪೋಷಕರ ಪರ ಬಂದ ಕೆನೆತ್ ಮಿಲ್ಲರ್, ಮೇಷ್ಟ್ರುಗಳು ಕೇಳಿದ್ದ ಅದೇ ಜೀವಶಾಸ್ತ್ರ ಪುಸ್ತಕದ ಲೇಖಕರಲ್ಲಿ ಒಬ್ಬರು, ಇದನ್ನು ಬಿಡಿಸಿಟ್ಟರು. ಈಜುಬಾಲದ ಬುಡದಲ್ಲಿರುವಂಥವೇ ಕೆಲವು ಪ್ರೋಟೀನುಗಳು ಪ್ಲೇಗಿನಂಥ ರೋಗಾಣುಗಳಲ್ಲಿ ಬೇರೆ ಕೆಲಸ ಮಾಡುತ್ತವೆ. ಅಲ್ಲಿ ಅವು ನಮ್ಮ ಜೀವಕೋಶಕ್ಕೆ ವಿಷ ಚುಚ್ಚುವ ಸೂಜಿ. ಅಂದರೆ ಬಾಲದ ಎಷ್ಟೋ ಭಾಗ ಇಲ್ಲದಿದ್ದರೂ ಉಳಿದದ್ದಕ್ಕೆ ಬದುಕುವ ದಾರಿ ಉಂಟು, ಈಜುವ ಕೆಲಸ ಇಲ್ಲದಿದ್ದರೇನಂತೆ. ಇದೇ ಮಿಲ್ಲರ್ ತಮ್ಮ ಭಾಷಣಗಳಿಗೆ ಎರಡು ಭಾಗ ಕಿತ್ತ ಇಲಿಬೋನನ್ನು ಟೈ ಕ್ಲಿಪ್ಪಾಗಿ ಸಿಕ್ಕಿಸಿಕೊಂಡು ಬರುತ್ತಿದ್ದರು. ಇಲಿ ಹಿಡಿಯುವುದಿಲ್ಲ, ಟೈ ಹಿಡಿಯುತ್ತದೆ. ಅಂದಹಾಗೆ ಮಿಲ್ಲರ್ ನಿಷ್ಠಾವಂತ ಕ್ಯಾಥೊಲಿಕ್. ಪೋಷಕರ ಪರ ಸಾಕ್ಷಿಗಳಲ್ಲಿ ಜಾನ್ ಹಾಟ್ ಎಂಬ ದೇವಶಾಸ್ತ್ರಜ್ಞರೂ ಇದ್ದರು. ಇದನ್ನು ಆಸ್ತಿಕರಿಗೂ ನಾಸ್ತಿಕರಿಗೂ ನಡೆದ ಕುಸ್ತಿ ಅಂತ ನೋಡುವವರು ಈ ಸಾಕ್ಷಿಗಳ ಪಟ್ಟಿಯನ್ನು ಒಮ್ಮೆ ನೋಡಬೇಕು.

ಬೀಹಿಯವರ ಪಾಟೀಸವಾಲಿನಲ್ಲಿ ಎರಡು ಕ್ಷಣಗಳಿವೆ. ಪೋಷಕರ ಪರ ವಕೀಲ ಎರಿಕ್ ರಾತ್‌ಶೀಲ್ಡ್ ಕೇಳಿದರು: ನೀವು ವೈಜ್ಞಾನಿಕ ಸಿದ್ಧಾಂತಕ್ಕೆ ಕೊಡುವ ವಿಶಾಲ ವ್ಯಾಖ್ಯೆಯ ಪ್ರಕಾರ ಜ್ಯೋತಿಷ್ಯವೂ ವೈಜ್ಞಾನಿಕ ಸಿದ್ಧಾಂತವೇ? ಬೀಹಿ ಒಪ್ಪಿಕೊಂಡರು. ಇನ್ನೊಂದು, ರೋಗನಿರೋಧಕ ವ್ಯವಸ್ಥೆ ಹೇಗೆ ವಿಕಾಸಗೊಂಡಿತು ಎಂಬುದಕ್ಕೆ ವಿಜ್ಞಾನದಲ್ಲಿ ಉತ್ತರ ಸಿಗುವುದೇ ಇಲ್ಲ ಅಂತ ಅವರು ಬರೆದಿದ್ದರು. ರಾತ್‌ಶೀಲ್ಡ್ ಆ ವಿಷಯದ ಮೇಲಿನ 58 ಸಂಶೋಧನಾ ಲೇಖನಗಳನ್ನು, ಒಂಬತ್ತು ಪುಸ್ತಕಗಳನ್ನು, ಪಠ್ಯಗಳ ಅಧ್ಯಾಯಗಳನ್ನು ಸಾಕ್ಷಿ ಕಟ್ಟೆಯಲ್ಲಿದ್ದ ಅವರ ಮುಂದೆ ಒಂದರ ಮೇಲೊಂದು ಪೇರಿಸಿದರು. ಇವು ಸಾಲವು ಎಂದರು ಬೀಹಿ. ತಮ್ಮ ಪಕ್ಷಕ್ಕೆ ಇಂಥ ಒಂದಾದರೂ ಪ್ರಯೋಗ ಇಲ್ಲದಿದ್ದರೂ ಇದೇ ವಿಷಯ ತರಗತಿಗೆ ಬರಬೇಕು, 58 ಲೇಖನ ಇದ್ದರೂ ಎದುರು ಪಕ್ಷಕ್ಕೆ ಸಾಲದು! ನನಗಂತೂ ಇಡೀ ವಿಚಾರಣೆಯಲ್ಲಿ ವಿಜ್ಞಾನದ ಪ್ರಶ್ನೆ ಮುಗಿದದ್ದು ಅಲ್ಲೇ ಅನಿಸುತ್ತದೆ.

ಉಳಿದದ್ದು ದುಡ್ಡಿನ ಪ್ರಶ್ನೆ, ಮಂಡಳಿಯ ಮಾನ ಹೋದದ್ದು ಅದರಲ್ಲಿ. ಶಾಲೆಗೆ ಪಾಂಡಾಸ್‌ನ 60 ಪ್ರತಿಗಳು ‘ದಾನ’ವಾಗಿ ಬಂದಿದ್ದವು. ದಾನಿ ಯಾರು? ವಿಚಾರಣೆಗೆ ಮುಂಚೆ, ಜನವರಿಯಲ್ಲಿ ಪ್ರಮಾಣ ಮಾಡಿ ಕೊಟ್ಟ ಹೇಳಿಕೆಯಲ್ಲಿ ಬಕಿಂಗ್‌ಹ್ಯಾಮ್ ಮತ್ತು ಬಾನ್ಸೆಲ್ ಇಬ್ಬರೂ ದುಡ್ಡಿನ ಮೂಲ ಬಾಯಿಬಿಡಲಿಲ್ಲ. ಆಮೇಲೆ ಹೊರಬಿದ್ದದ್ದು: ಬಕಿಂಗ್‌ಹ್ಯಾಮ್ ತಮ್ಮ ಚರ್ಚಿನಲ್ಲಿ ಎದ್ದು ನಿಂತು ಹಣ ಕೇಳಿದ್ದರು, 850 ಡಾಲರ್ ಒಟ್ಟಾಗಿತ್ತು, ಅದರ ಚೆಕ್ಕು ಹೋದದ್ದು ಬಾನ್ಸೆಲ್ ಅವರ ತಂದೆಯ ಹೆಸರಿಗೆ. ಈ ಹಂತದಲ್ಲಿ ನ್ಯಾಯಾಧೀಶ ಜೋನ್ಸ್ ವಕೀಲರನ್ನು ಪಕ್ಕಕ್ಕಿಟ್ಟು ಬಾನ್ಸೆಲ್ ಅವರನ್ನು ತಾವೇ ಪ್ರಶ್ನಿಸತೊಡಗಿದರು. ಸೃಷ್ಟಿವಾದದ ಮಾತೇ ನಾವು ಆಡಿಲ್ಲ, ಪತ್ರಿಕೆಯವರು ಕಟ್ಟಿದ್ದು ಅಂತ ಮಂಡಳಿಯವರು ವಾದಿಸಿದ್ದರು. ಬಕಿಂಗ್‌ಹ್ಯಾಮ್ ಅದೇ ಮಾತನ್ನು ಟಿವಿ ಕ್ಯಾಮೆರಾ ಎದುರು ಆಡಿದ್ದ ತುಣುಕನ್ನು ಕೋರ್ಟಿನಲ್ಲೇ ಹಾಕಿ ತೋರಿಸಿದರು. ಧರ್ಮದ ಹೆಸರು ಹೇಳಿಕೊಂಡು ಹೊರಟವರು ಪ್ರಮಾಣ ಮಾಡಿ ಸುಳ್ಳು ಹೇಳಿದ್ದು ಎಂಥ ವ್ಯಂಗ್ಯ ಅಂತ ತೀರ್ಪಿನಲ್ಲೂ ಬಂತು.

ಕೊನೆಯ ದಿನ ಮಂಡಳಿಯ ವಕೀಲ ಪ್ಯಾಟ್ರಿಕ್ ಗಿಲೆನ್ ಎದ್ದು, ಇವತ್ತಿಗೆ ವಿಚಾರಣೆ ಶುರುವಾಗಿ ನಲವತ್ತು ದಿನ, ಈ ರಾತ್ರಿಗೆ ನಲವತ್ತು ರಾತ್ರಿ, ಬೇಕಂತಲೇ ಹೀಗೆ ಮಾಡಿದಿರಾ ಅಂತ ಕೇಳಿದರು. ಬೈಬಲಿನ ಮಹಾಪ್ರಳಯದ ಮಳೆಯ ಲೆಕ್ಕ ಅದು. ಕಾಕತಾಳೀಯ, ಡಿಸೈನ್ ಏನೂ ಇಲ್ಲ ಅಂದರು ಜೋನ್ಸ್. ಇಡೀ ಕೋರ್ಟು ನಕ್ಕಿತು.

ನಾಲ್ಕು ದಿನ ಕಳೆದು, ನವೆಂಬರ್ 8ರಂದು ಶಾಲಾ ಮಂಡಳಿಗೆ ಚುನಾವಣೆ. ಕಣದಲ್ಲಿದ್ದ ಎಂಟೂ ಹಳೆಯ ಸದಸ್ಯರನ್ನು ಡೋವರಿನ ಜನ ಮನೆಗೆ ಕಳಿಸಿದರು. ಟಿವಿ ಧರ್ಮಪ್ರಚಾರಕ ಪ್ಯಾಟ್ ರಾಬರ್ಟ್‌ಸನ್, ನಿಮ್ಮ ಊರಿಗೆ ಏನಾದರೂ ಆಪತ್ತು ಬಂದರೆ ದೇವರ ಕಡೆ ತಿರುಗಬೇಡಿ, ಅವನನ್ನು ನೀವೇ ಊರಿಂದ ಹೊರಗೆ ಹಾಕಿದ್ದೀರಿ ಅಂತ ಶಾಪ ಹಾಕಿದರು. ಡಿಸೆಂಬರ್ 20ರಂದು 139 ಪುಟಗಳ ತೀರ್ಪು ಬಂತು. ಇಂಟೆಲಿಜೆಂಟ್ ಡಿಸೈನ್ ವಿಜ್ಞಾನವಲ್ಲ, ಅದು ಸೃಷ್ಟಿವಾದದ ಸಂತಾನ, ಸರ್ಕಾರಿ ಶಾಲೆಯ ವಿಜ್ಞಾನ ತರಗತಿಯಲ್ಲಿ ಅದನ್ನು ತರುವುದು ಸಂವಿಧಾನಬಾಹಿರ. ಬರೆದ ಜೋನ್ಸ್ ರಿಪಬ್ಲಿಕನ್, ಜಾರ್ಜ್ ಡಬ್ಲ್ಯೂ. ಬುಷ್ ನೇಮಿಸಿದವರು. ಜೀವ ಬೆದರಿಕೆ ಬಂದು ಅವರ ಮನೆಗೆ ಮಾರ್ಷಲ್‌ಗಳ ಕಾವಲು ಹಾಕಬೇಕಾಯಿತು. ಪೋಷಕರ ವಕೀಲರ ಖರ್ಚು ಇಪ್ಪತ್ತು ಲಕ್ಷ ಡಾಲರ್ ದಾಟಿತ್ತು, ಹತ್ತು ಲಕ್ಷಕ್ಕೆ ರಾಜಿಯಾಯಿತು. ಕೊಟ್ಟವರು ಯಾರು? ಹೊಸ ಮಂಡಳಿ. ಅಂದರೆ ಊರಿನ ತೆರಿಗೆದಾರರು. ಓಟು ಹಾಕಿದ್ದವರು ಮನೆಗೆ ಹೋಗಿ ಆಗಿತ್ತು.

ನಮ್ಮ ಕಡೆಗೆ ಒಂದು ನಿಮಿಷ ಬಂದು ಹೋಗುತ್ತೇನೆ. ಪೂರ್ತಿ ಸರ್ಕಾರದ ದುಡ್ಡಿನಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಅಂತ ನಮ್ಮ ಸಂವಿಧಾನದ 28ನೇ ವಿಧಿಯಲ್ಲೂ ಇದೆ. 2018ರ ಜನವರಿಯಲ್ಲಿ ಕೇಂದ್ರದ ಮಂತ್ರಿ ಸತ್ಯಪಾಲ್ ಸಿಂಗ್, ಮಂಗ ಮನುಷ್ಯನಾದದ್ದನ್ನು ಯಾರೂ ನೋಡಿಲ್ಲ, ಡಾರ್ವಿನ್ ತಪ್ಪು, ಪಠ್ಯ ಬದಲಾಗಬೇಕು ಅಂದಾಗ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯೂ ಸೇರಿ ದೇಶದ ಮೂರು ಅಕಾಡೆಮಿಗಳು ಜಂಟಿ ಹೇಳಿಕೆ ಕೊಟ್ಟವು. ಆದರೆ 2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ಪುಸ್ತಕದಲ್ಲಿ ‘ಅನುವಂಶೀಯತೆ ಮತ್ತು ಜೀವವಿಕಾಸ’ ಅಧ್ಯಾಯ ಬರೀ ‘ಅನುವಂಶೀಯತೆ’ ಆಗಿತ್ತು. ಕೋವಿಡ್ ಕಾಲದ ಹೊರೆ ಇಳಿಸುವ ಕಾರಣ ಕೊಟ್ಟರು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬಹಿರಂಗ ಪತ್ರ ಬರೆದರು. ಹನ್ನೆರಡನೇ ತರಗತಿಯಲ್ಲಿ ಇದೆಯಲ್ಲ ಅನ್ನುತ್ತಾರೆ. ಇದೆ, ಜೀವಶಾಸ್ತ್ರ ತೆಗೆದುಕೊಂಡವರಿಗೆ. ಡೋವರಿನದು ಸೇರಿಸುವ ಹಟ, ಇದು ತೆಗೆಯುವ ಕತ್ತರಿ, ಎರಡನ್ನೂ ಒಂದೇ ತಕ್ಕಡಿಗೆ ಹಾಕಲಾರೆ. ಆದರೆ ಒಂದು ವಿಷಯದಲ್ಲಿ ನನಗೆ ಡೋವರಿನವರ ಮೇಲೆ ಹೊಟ್ಟೆಕಿಚ್ಚು. ಅಲ್ಲಿ ಸಭೆ ನಡೆದಿತ್ತು, ಯಾರು ಯಾವ ಕಡೆ ಕೈ ಎತ್ತಿದರು ಅಂತ ನಡವಳಿ ಪುಸ್ತಕದಲ್ಲಿತ್ತು, ಊರಿನ ಪತ್ರಿಕೆಯವರು ಕೂತು ಬರೆದುಕೊಂಡಿದ್ದರು. ಹಾಗಾಗಿ ಕಟಕಟೆಗೆ ಕರೆದು ಏಕೆ ಅಂತ ಕೇಳಲು ಸಾಧ್ಯವಾಯಿತು.

ಸಭೆಯಲ್ಲಿ ಒಬ್ಬ ಮೇಡಂ ಕೇಳಿದರು: “ಸರ್, ಎರಡೂ ಕಡೆಯದನ್ನು ಹೇಳಿಬಿಟ್ಟರೆ ಮಕ್ಕಳೇ ತೀರ್ಮಾನ ಮಾಡಿಕೊಳ್ಳುತ್ತಾರಲ್ಲ, ತಪ್ಪೇನು?”

ಎರಡು ಕಡೆ ಇರುವಲ್ಲಿ ಖಂಡಿತ ಹೇಳಬೇಕು, ಮೇಡಂ. ಜೀವವಿಕಾಸದ ವೇಗ ಎಷ್ಟು, ಯಾವ ವಂಶವೃಕ್ಷ ಸರಿ ಅಂತ ವಿಜ್ಞಾನಿಗಳ ನಡುವೆಯೇ ಬೇಕಾದಷ್ಟು ಜಗಳ ಇದೆ, ಅದನ್ನು ತರಗತಿಗೆ ತನ್ನಿ, ಮಕ್ಕಳು ಖುಷಿಪಡುತ್ತಾರೆ. ಆದರೆ ಆ ಜಗಳಕ್ಕೆ ಇಳಿಯುವವರು ಪ್ರಯೋಗ ಮಾಡಿ, ಲೆಕ್ಕ ತೋರಿಸಿ, ಬೇರೆಯವರಿಂದ ತಪ್ಪು ಹುಡುಕಿಸಿಕೊಂಡು ಬಂದಿರುತ್ತಾರೆ. ಆ ದಾರಿಯನ್ನು ಬಿಟ್ಟು ಶಾಲಾ ಮಂಡಳಿಯ ಓಟಿನಿಂದ ನೇರವಾಗಿ ಒಂಬತ್ತನೇ ತರಗತಿಗೆ ಇಳಿದದ್ದು ಡೋವರಿನ ಹಾಳೆ. ದೇವರ ಬಗ್ಗೆ, ಸೃಷ್ಟಿಯ ಕಥೆಗಳ ಬಗ್ಗೆ ಮಕ್ಕಳಿಗೆ ಹೇಳಬಾರದೇ? ಧಾರಾಳವಾಗಿ ಹೇಳಿ, ಇತಿಹಾಸದಲ್ಲಿ, ಸಾಹಿತ್ಯದಲ್ಲಿ, ಎಲ್ಲ ಧರ್ಮಗಳ ಕಥೆಗಳನ್ನೂ ಪಕ್ಕಪಕ್ಕ ಇಟ್ಟು ಹೇಳಿ. ಅಲ್ಲಿ ಪ್ರಶ್ನೆ ಕೇಳುವುದಕ್ಕೆ ಯಾರೂ ತಡೆ ಹಾಕುವುದಿಲ್ಲ.

ಹಿಂದಿನ ಸಾಲಿನಿಂದ ಒಬ್ಬರು: “ಹಾಗಾದರೆ ಅಮೆರಿಕದಲ್ಲಿ ಈ ವಿಷಯ ಅಲ್ಲಿಗೆ ಮುಗಿಯಿತೇ?”

ಮುಗಿದಿಲ್ಲ. ಹೊಸ ಮಂಡಳಿ ಮೇಲ್ಮನವಿ ಹಾಕಲಿಲ್ಲ, ಹಾಗಾಗಿ ತೀರ್ಪು ಮೇಲಿನ ಕೋರ್ಟಿಗೆ ಹೋಗಲೇ ಇಲ್ಲ. ಪೆನ್ಸಿಲ್ವೇನಿಯಾದ ಆ ಒಂದು ಫೆಡರಲ್ ಜಿಲ್ಲೆಯಲ್ಲಿ ಹುಟ್ಟಿದ ತೀರ್ಪು ಅದು, ಬೇರೆ ಕಡೆ ತೂಕ ಇದೆ, ಕಟ್ಟುಪಾಡಿಲ್ಲ. ಸರ್ಕಾರ ಧರ್ಮದ ಬೆನ್ನಿಗೆ ನಿಂತಿದೆಯೇ ಅಂತ ನೋಡಲು ಜೋನ್ಸ್ ಬಳಸಿದ ಅಳತೆಗೋಲುಗಳಲ್ಲಿ ಒಂದು 1971ರ ಲೆಮನ್ ಮೊಕದ್ದಮೆಯದು. ಅದನ್ನು 2022ರಲ್ಲಿ, ಶಾಲಾ ಮೈದಾನದಲ್ಲಿ ಪ್ರಾರ್ಥಿಸಿದ ಫುಟ್‌ಬಾಲ್ ಕೋಚ್ ಒಬ್ಬರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕೈಬಿಟ್ಟಿತು. 2024ರ ಮಾರ್ಚ್‌ನಲ್ಲಿ ವೆಸ್ಟ್ ವರ್ಜೀನಿಯಾ ರಾಜ್ಯದ ಹೊಸ ಕಾನೂನಿಗೆ ಸಹಿ ಬಿತ್ತು. ಮಸೂದೆಯಲ್ಲಿ ಮೊದಲು ಇಂಟೆಲಿಜೆಂಟ್ ಡಿಸೈನ್ ಎಂಬ ಹೆಸರೇ ಇತ್ತು, ಅಂತಿಮ ರೂಪದಲ್ಲಿ ತೆಗೆದರು. ಈಗ ಅದರಲ್ಲಿ ಇರುವುದು ಇಷ್ಟೇ: ವಿಶ್ವ ಅಥವಾ ಜೀವ ಹೇಗೆ ಬಂತು ಎಂಬ ವೈಜ್ಞಾನಿಕ ಸಿದ್ಧಾಂತಗಳ ಬಗ್ಗೆ ಮಕ್ಕಳು ಪ್ರಶ್ನೆ ಕೇಳಿದರೆ, ಶಿಕ್ಷಕರು ಚರ್ಚಿಸಿ ಉತ್ತರಿಸುವುದನ್ನು ಯಾರೂ ತಡೆಯುವ ಹಾಗಿಲ್ಲ.

ಡೋವರಿನಲ್ಲಿ ಪ್ರಶ್ನೆಗೆ ಬಾಗಿಲು ಹಾಕಿದ್ದರು, ಇಲ್ಲಿ ಪ್ರಶ್ನೆಯ ಬಾಗಿಲಿನಿಂದಲೇ ಒಳಗೆ ಬರುವ ಏರ್ಪಾಡು. ಜಾಣತನ ಬೆಳೆದಿದೆ ಅಂತಲೇ ಹೇಳಬೇಕು. ಯಾವುದು ‘ವೈಜ್ಞಾನಿಕ ಸಿದ್ಧಾಂತ’ ಅಂತ ಆ ಕಾನೂನು ಹೇಳಿಲ್ಲ. ಯಾವುದೋ ಒಂದು ತರಗತಿಯಲ್ಲಿ ಒಬ್ಬ ಮೇಷ್ಟ್ರು ಅದಕ್ಕೆ ತಮ್ಮದೇ ಅರ್ಥ ಹಚ್ಚಿ ಉತ್ತರ ಕೊಟ್ಟು, ಯಾರೋ ಒಬ್ಬ ತಾಯಿ ಕೋರ್ಟಿಗೆ ಹೋಗುವ ತನಕ ಅದು ತೀರ್ಮಾನ ಆಗುವುದಿಲ್ಲ.